ಹೆಜ್ಜೆಗೆ ನೀರಿಟ್ಟವರು

ನಮ್ಮೂರಲ್ಲಿ ಮನುಷ್ಯ ಬರುವುದಕ್ಕಿಂತ ಮೊದಲು ಅವನ ಹೆಜ್ಜೆ ಬರುತ್ತದೆ. ಊರೊಳಗಿನವರಾದರೆ ಒಂದು ಹೊತ್ತಿನ ಅಡಿಗೆ ಮಾಡುವಷ್ಟು ಮುಂಚೆ, ದೂರದವರಾದರೆ ಒಂದು ಹಗಲು ಮುಂಚೆ, ಸದ್ದು ಅಂಗಳ ದಾಟಿ, ಮೆಟ್ಟಿಲು ಏರಿ, ಹೊಸ್ತಿಲ ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಮನುಷ್ಯ ಬರುತ್ತಾನೆ. ಬರುವಾಗ ಅವನ ಕಾಲಿನಿಂದ ಸದ್ದೇ ಏಳುವುದಿಲ್ಲ. ಅದು ಆಗಲೇ ಬಂದುಬಿಟ್ಟಿರುತ್ತದಲ್ಲ. ನಮ್ಮೂರ ಹೆಂಗಸರಿಗೆ ಇದರಿಂದ ಬಹಳ ಅನುಕೂಲ. ಗಂಡನ ಹೆಜ್ಜೆ ಕೇಳಿದ ಮೇಲೆ ಒಲೆಗೆ ಹಂಚು ಏರಿಸಿದರೆ ಸಾಕು, ರೊಟ್ಟಿ ಬಿಸಿಯಾಗಿಯೇ ತಾಟಿಗೆ ಬೀಳುತ್ತದೆ. ಬೀಗರು ಎಷ್ಟು ಮಂದಿ ಬರುತ್ತಾರೆಂಬುದು ಮೊದಲೇ ತಿಳಿಯುವುದರಿಂದ ಸಾರಿಗೆ ನೀರು ಬೆರೆಸಬೇಕೋ ಬೇಡವೋ ಎಂಬ ಚಿಂತೆಯಿಲ್ಲ. ಶಾಲೆಯ ಇನ್ಸ್‌ಪೆಕ್ಟರರು ನಮ್ಮ ಮಾಸ್ತರರನ್ನು ನಿದ್ದೆಯಲ್ಲಿ ಹಿಡಿದದ್ದು ಇದುವರೆಗೆ ಇಲ್ಲ. ಕಳ್ಳರಂತೂ ಈ ಊರಿನ ಆಸೆಯನ್ನೇ ಬಿಟ್ಟಿದ್ದಾರೆ.

ಹೆಜ್ಜೆ ಬಂದು ನಿಂತ ಕೂಡಲೇ ಹೊಸ್ತಿಲ ಪಕ್ಕದಲ್ಲಿ ಒಂದು ತಂಬಿಗೆ ನೀರು ಇಡಬೇಕು. ಇದಕ್ಕೆ ಹೆಜ್ಜೆಗೆ ನೀರಿಡುವುದು ಎನ್ನುತ್ತೇವೆ. ಬಂದವರು ಆ ನೀರಿನಿಂದ ಕಾಲು ತೊಳೆದು ಒಳಗೆ ಬರುತ್ತಾರೆ. ಆದರೆ ಹೆಜ್ಜೆ ಬಂದು ಮನುಷ್ಯ ಬಾರದೆ ಹೋಗುವುದೂ ಉಂಟು. ಏಕೆಂದರೆ ಹೆಜ್ಜೆ ಹೊರಡುವುದು ಮನಸ್ಸಿನ ಜೊತೆಗೆ, ಮೈಯ ಜೊತೆಗಲ್ಲ. ಮನಸ್ಸು ಹೊರಟ ಗಳಿಗೆಗೆ ಹೆಜ್ಜೆ ಹೊರಟಿರುತ್ತದೆ. ಮೈ ಹಿಂದಿನಿಂದ ಬರುವಾಗ ದಾರಿಯಲ್ಲಿ ಹೊಳೆ ತುಂಬಬಹುದು, ಯಾರೋ ತಡೆಯಬಹುದು, ಜೀವವೇ ಹೋಗಬಹುದು. ಮರುದಿನ ಹೊತ್ತು ಮೂಡುವವರೆಗೂ ಬಾರದಿದ್ದರೆ ಆ ನೀರನ್ನು ಬೇವಿನ ಮರದ ಬುಡಕ್ಕೆ ಎರೆದು ಮನೆಯವರು ಸ್ನಾನ ಮಾಡುತ್ತಾರೆ. ಅಲ್ಲಿಗೆ ಕಾಯುವುದು ಮುಗಿಯಿತು.

ಹೋದ ಮಾಘದಲ್ಲಿ ನನ್ನ ಹೆಂಡತಿ ಬಸಲಿಂಗವ್ವನನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ನನ್ನ ಮೊಣಕಾಲು ನಡೆಯುವ ಸ್ಥಿತಿಯಲ್ಲಿರಲಿಲ್ಲ, ತಮ್ಮನ ಮಕ್ಕಳು ಜೊತೆಗೆ ಹೋದರು. ನಾನು ಕಟ್ಟೆಯ ಮೇಲೆ ಕೂತು ಕಿವಿಗೊಟ್ಟೆ. ಅವಳ ಹೆಜ್ಜೆಯನ್ನು ಗುರುತಿಸುವುದು ಸುಲಭ. ಎಡಗಾಲಿನ ಕಾಲುಂಗುರ ಸಡಿಲವಾಗಿ, ಕಲ್ಲಿಗೆ ತಾಗಿದಾಗಲೆಲ್ಲ ಟಿಕ್ ಎನ್ನುತ್ತಿತ್ತು. ಬಿಗಿ ಮಾಡಿಸಿಕೋ ಎಂದರೆ ನಿಮಗೆ ಗೊತ್ತಾಗಲಿ ಅಂತಲೇ ಬಿಟ್ಟೀನಿ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅಂಗಳದಲ್ಲಿ ಹೆಜ್ಜೆಗಳು ಕೇಳಿದವು. ನಾಲ್ಕು ಮಂದಿ ಗಂಡಸರವು, ಭಾರ ಹೊತ್ತವರವು. ಅವುಗಳ ನಡುವೆ ಆ ಟಿಕ್ ಇರಲಿಲ್ಲ. ಅವರು ಬರುವ ಹೊತ್ತಿಗೆ ನಾನು ಸ್ನಾನ ಮಾಡಿ ಲಿಂಗಪೂಜೆಗೆ ಕೂತುಬಿಟ್ಟಿದ್ದೆ. ಅವಳ ಹೆಜ್ಜೆಯೇ ಹೊರಟಿರಲಿಲ್ಲವಾದ್ದರಿಂದ ನೀರಿಡುವ ಭಾಗ್ಯವೂ ನನಗಿರಲಿಲ್ಲ, ಬೇವಿಗೆ ಎರೆದು ಮುಗಿಸುವ ಭಾಗ್ಯವೂ ಇರಲಿಲ್ಲ. ನಮ್ಮೂರಲ್ಲಿ ದುಃಖಕ್ಕೂ ಒಂದು ತಂಬಿಗೆ ನೀರು ಬೇಕು. ನನ್ನದು ಒಣಗಿಯೇ ಉಳಿಯಿತು. ಶಿವನ ಚಿತ್ತ.

ನಾನು ಊರ ಛತ್ರದ ಪಾರುಪತ್ಯ ನೋಡುವವನು. ನಮ್ಮ ಅಪ್ಪನೂ ಅದೇ ಕೆಲಸ ಮಾಡಿದವರು. ಹೆಂಡತಿ ಹೋದ ಮೇಲೆ ಬಿಟ್ಟುಬಿಡೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಸರಕಾರದ ಕಡೆಯಿಂದ ಇಬ್ಬರು ಬಂದು, ಛತ್ರ ಖಾಲಿ ಮಾಡಿಸಬೇಕು, ದೊಡ್ಡವರು ಬರುತ್ತಾರೆ ಎಂದರು. ಇಸ್ರೇಲಿನವರು ಮತ್ತು ಪ್ಯಾಲೆಸ್ತೀನಿನವರು ಕೂತು ಸಂಧಾನದ ಮಾತಾಡಲು ಒಂದು ಜಾಗ ಬೇಕಾಗಿತ್ತು. ಲೋಕದ ದೊಡ್ಡ ದೊಡ್ಡ ಅರಮನೆಗಳಲ್ಲಿ ಕೂತು ಎದ್ದು ಬಂದವರು ಅವರು. ಯಾವ ನಕ್ಷೆಯಲ್ಲೂ ಇಲ್ಲದ ನಮ್ಮೂರಿಗೆ ಏಕೆ ಬರುತ್ತಾರೆಂದು ಕೇಳಿದೆ. ಇಲ್ಲಿಗೆ ಯಾರೂ ಹೇಳದೆ ಕೇಳದೆ ಬರಲಾರರಂತೆ, ಕೊಲ್ಲುವವನ ಹೆಜ್ಜೆಯೂ ಮೊದಲೇ ಕೇಳುತ್ತದಂತೆ, ಅದಕ್ಕೆ ಎಂದರು. ಕಾವಲಿನವರ ಬುದ್ಧಿಗೆ ನಮ್ಮೂರು ಹಾಗೆ ಕಂಡಿತ್ತು.

ಇಸ್ರೇಲಿನ ಕಡೆಯ ಹಿರಿಯರ ಹೆಸರು ಗಿಡಿಯೋನ್ ಹರ್ಪಾಜ್. ಎತ್ತರದ ಆಳು, ಬೋಳು ತಲೆ, ಮಾತು ಕಡಿಮೆ, ಮೊದಲು ಸೈನ್ಯದಲ್ಲಿದ್ದವರು. ಪ್ಯಾಲೆಸ್ತೀನಿನ ಕಡೆಯವರು ನಬೀಹ್ ಖತೀಬ್. ಮೊದಲು ಶಾಲಾ ಮಾಸ್ತರರಾಗಿದ್ದವರು, ಮಾತಾಡುವಾಗ ಈಗಲೂ ಬೆರಳಿನಿಂದ ಗಾಳಿಯಲ್ಲಿ ಬರೆಯುತ್ತಿದ್ದರು. ಒಬ್ಬರ ದುಭಾಷಿಯನ್ನು ಇನ್ನೊಬ್ಬರು ನಂಬಲಿಲ್ಲ. ಕಡೆಗೆ ಇಬ್ಬರೂ ಒಪ್ಪಿದ್ದು ನಮ್ಮೂರ ಮಿಶನ್ ಕೇರಿಯ ಕರುಣಾಬಾಯಿಯನ್ನು. ಆಕೆ ಆ ನಾಡಿನಲ್ಲಿ ಬಹಳ ವರ್ಷ ದಾದಿಯಾಗಿದ್ದು, ಹಾಸಿಗೆ ಹಿಡಿದ ಮುದುಕರ ಸೇವೆ ಮಾಡಿ ಬಂದವಳು. ಎರಡೂ ಭಾಷೆಯಲ್ಲಿ ಬೈಸಿಕೊಂಡು ಎರಡನ್ನೂ ಕಲಿತಿದ್ದಳು. ಅವರು ಏನೇ ಅಂದರೂ ನನಗೆ ಬಂದದ್ದು ಕರುಣಾಬಾಯಿಯ ಬಾಯಿಂದ. ಹಾಗಾಗಿ ಇಲ್ಲಿ ಅವರು ನಮ್ಮ ಕಡೆಯ ಮಾತು ಆಡಿದಂತೆ ಕಂಡರೆ ಅದು ಆಕೆಯ ಮಾತು.

ಛತ್ರದ ಪಡಸಾಲೆಯ ನಡುವೆ ಒಂದು ಕಲ್ಲಿನ ಕಂಬವಿದೆ. ಇಬ್ಬರೂ ಅದರ ಆಚೆ ಒಬ್ಬರು, ಈಚೆ ಒಬ್ಬರು ಕುರ್ಚಿ ಹಾಕಿಸಿಕೊಂಡರು. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗೆ. ಕರುಣಾಬಾಯಿ ಕಂಬಕ್ಕೆ ಬೆನ್ನು ಕೊಟ್ಟು ಕೂತು ಕತ್ತು ಆ ಕಡೆ ಈ ಕಡೆ ತಿರುಗಿಸಬೇಕಾಯಿತು. ಅವರ ನಾಡಿನಲ್ಲಿ ಪ್ರತಿಯೊಂದು ಗುಡ್ಡಕ್ಕೂ, ಬಾವಿಗೂ ಎರಡೆರಡು ಹೆಸರು. ಈಕೆ ಒಂದು ಹೆಸರು ಹೇಳಿದರೆ ಅವರು ಏಳುತ್ತಿದ್ದರು, ಇನ್ನೊಂದು ಹೇಳಿದರೆ ಇವರು.

"ಅಯ್ಯನವರ, ಒಂದ ಗುಡ್ಡಾನ ಎರಡೆರಡು ಸಲ ಏರಿ ಇಳಿದು ನನ್ನ ಕಾಲು ಬಿದ್ದು ಹೋದವು ನೋಡ್ರಿ," ಎಂದು ಕರುಣಾಬಾಯಿ ಅಡಿಗೆಮನೆಗೆ ಬಂದು ಕುಕ್ಕರಿಸಿದಳು. "ಇವರ ಜಗಳ ಕೇಳಿ ಕೇಳಿ, ನನ್ನ ಬಲಗಿವಿಗೂ ಎಡಗಿವಿಗೂ ಮಾತು ನಿಂತೈತಿ."

"ಚಾ ಕುಡಿ ತಂಗಿ. ಎರಡಕ್ಕೂ ರಾಜಿ ಆಗ್ತೈತಿ."

ಮಾತು ಸುಲಭದ್ದಾಗಿರಲಿಲ್ಲ. ಅಲ್ಲಿ ಎರಡೂ ಕಡೆ ಮನೆಗಳು ಖಾಲಿಯಾಗಿದ್ದವು, ಎರಡೂ ಕಡೆ ಮಣ್ಣು ಕೊಡಲು ಜಾಗ ಸಾಲದಾಗಿತ್ತು. ಗುಂಡಿನ ಸದ್ದು ತಾತ್ಕಾಲಿಕವಾಗಿ ನಿಂತದ್ದು ಅಮಾವಾಸ್ಯೆಯ ದಿನ ಹೊತ್ತು ಮುಳುಗುವವರೆಗೆ ಮಾತ್ರ. ಅಷ್ಟರೊಳಗೆ ಒಪ್ಪಂದಕ್ಕೆ ಸಹಿ ಬೀಳದಿದ್ದರೆ ಮತ್ತೆ ಶುರು. ಕಷ್ಟಪಟ್ಟು ಒಂದು ಮಾತಿಗೆ ಬಂದರು. ನಂಬಿಕೆಗಾಗಿ ಮೊದಲು ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಬಿಡುವುದು, ಆ ಇಬ್ಬರನ್ನೂ ಇಲ್ಲಿಗೇ ಕರೆತರುವುದು, ಅವರು ಛತ್ರದ ಹೊಸ್ತಿಲು ದಾಟಿದ ಮೇಲೆ ಸಹಿ. ಆಮೇಲೆ ಉಳಿದವರ ಬಿಡುಗಡೆ. ಬಿಡುಗಡೆಯಾಗಬೇಕಾದವರಲ್ಲಿ ಒಬ್ಬರು ಗಿಡಿಯೋನರ ಅಣ್ಣ ಅಮ್ನೋನ್. ಕಿತ್ತಳೆ ತೋಟದ ಮುದುಕ, ಒಂದು ಮುಂಜಾನೆ ತೋಟದಿಂದಲೇ ಅವರನ್ನು ಹಿಡಿದೊಯ್ದಿದ್ದರು. ಇನ್ನೊಬ್ಬಳು ರೀಮ್ ಎಂಬ ಹುಡುಗಿ. ನಬೀಹರ ಹತ್ತಿರ ಓದಿ, ಅದೇ ಶಾಲೆಯಲ್ಲಿ ಮಾಸ್ತರಿಣಿಯಾಗಿದ್ದವಳು. ಏನು ತಪ್ಪೆಂದು ಯಾರೂ ಹೇಳದೆ ಸೆರೆಮನೆಯಲ್ಲಿ ಇಟ್ಟಿದ್ದರು. ಆಕೆಯ ತಂದೆ ಸಾಯುವಾಗ ನಬೀಹರ ಕೈಹಿಡಿದು ಮಗಳನ್ನು ಒಪ್ಪಿಸಿದ್ದನಂತೆ.

ಇಷ್ಟು ಆದದ್ದನ್ನು ಕೆಡಿಸಿದವನು ನಾನೇ. ಆ ಸಂಜೆ ಗಿಡಿಯೋನರು ಬಾಗಿಲಲ್ಲಿ ನಿಂತು, ದಿನವೂ ಹೊಸ್ತಿಲಲ್ಲಿ ಈ ನೀರು ಯಾರಿಗೆ ಇಡುತ್ತೀರಿ ಎಂದು ಕರುಣಾಬಾಯಿಯಿಂದ ಕೇಳಿಸಿದರು. ನಬೀಹರೂ ಬಂದು ನಿಂತರು. ಇಬ್ಬರೂ ಒಂದೇ ಪ್ರಶ್ನೆ ಕೇಳಿದ್ದು ಅದೇ ಮೊದಲು. ನನಗೆ ಹಿಗ್ಗು ಬಂತು. ಹೆಜ್ಜೆಯ ವಿಷಯವನ್ನೆಲ್ಲ ಬಿಚ್ಚಿ ಹೇಳಿ, "ಚಿಂತಿ ಮಾಡಬ್ಯಾಡ್ರಿ, ನಿಮ್ಮವರ ಹೆಜ್ಜಿ ಇಲ್ಲಿ ಕೇಳಿತಂದ್ರ ಅವರು ಬಂದಂಗ. ನಮ್ಮೂರ ಹೆಜ್ಜಿ ಸುಳ್ಳು ಹೇಳೂದುಲ್ಲ," ಎಂದೆ. ಹಿರಿಯನಾದವನು ಸಮಾಧಾನ ಹೇಳಬೇಕೆಂದು ಹೇಳಿದ ಮಾತು.

ಮರುದಿನ ಗಿಡಿಯೋನರು ಕೂತವರೇ, "ನನ್ನ ಅಣ್ಣನ ಹೆಜ್ಜೆ ಕೇಳಲಿ, ಆ ಹುಡುಗಿಯನ್ನು ಬಿಡಲು ಹೇಳುತ್ತೇನೆ," ಎಂದರು. ಕಂಬದ ಆಚೆಯಿಂದ ನಬೀಹರು, "ರೀಮಳ ಹೆಜ್ಜೆ ಕೇಳಲಿ, ನಿಮ್ಮ ಅಣ್ಣನನ್ನು ಬಿಡಿಸುತ್ತೇನೆ," ಎಂದರು. ಇಬ್ಬರೂ ಸುಮ್ಮನೆ ಕೂತು ಕಿವಿಗೊಟ್ಟರು.

ಹೀಗೆ ಮಾತೇ ನಿಂತುಹೋಯಿತು. ಜಗಳವಾದರೂ ಇದ್ದಾಗ ಒಂದು ಜೀವಕಳೆ ಇತ್ತು. ಈಗ ಬೆಳಗಿನಿಂದ ಸಂಜೆಯವರೆಗೆ ಪಡಸಾಲೆಯಲ್ಲಿ ಉಸಿರಿನ ಸದ್ದಷ್ಟೇ. ಹಾಲಿನವಳ ಹೆಜ್ಜೆ ಕೇಳಿದರೆ ಇಬ್ಬರೂ ಅರ್ಧ ಏಳುತ್ತಿದ್ದರು. ಅದು ಹಾಲಿನವಳದೆಂದು ನಾನು ತಲೆಯಾಡಿಸಿದರೆ ಮತ್ತೆ ಕೂಡುತ್ತಿದ್ದರು. ಹೆಜ್ಜೆ ಕೇಳದಿದ್ದಷ್ಟೂ ಒಬ್ಬರ ಮೇಲೊಬ್ಬರಿಗೆ ಸಂಶಯ ಬಲಿಯಿತು. ಬಿಡುವ ಮನಸ್ಸಿದ್ದರೆ ಇಷ್ಟು ಹೊತ್ತಿಗೆ ಕೇಳಬೇಕಿತ್ತಲ್ಲ ಎಂಬುದು ಇಬ್ಬರ ವಾದ. ಕರುಣಾಬಾಯಿ ಕೆಲಸವಿಲ್ಲದೆ ಅವರೆಕಾಯಿ ಸುಲಿಯಲು ಕೂತಳು.

ಒಬ್ಬೊಬ್ಬರನ್ನೇ ನೋಡಿದರೆ ಇಬ್ಬರೂ ಕೆಟ್ಟವರಲ್ಲ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ಗಿಡಿಯೋನರು ಅಡಿಗೆಮನೆಗೆ ಬಂದು, ಎರಡು ಹಣತೆ ಸಿಗಬಹುದೇ ಎಂದು ಸನ್ನೆ ಮಾಡಿದರು. ತಾನೇನು ದೇವರನ್ನು ನಂಬುವವನಲ್ಲ, ಪ್ರತಿ ಶುಕ್ರವಾರ ತಾಯಿ ಹಚ್ಚುತ್ತಿದ್ದಳು, ಆಮೇಲೆ ಅಣ್ಣ ಹಚ್ಚುತ್ತಿದ್ದ, ಈಗ ಅವನು ಮನೆಯಲ್ಲಿಲ್ಲ ಎಂದು ಕರುಣಾಬಾಯಿಗೆ ಹೇಳಿದರಂತೆ. ನಾನು ಬಸಲಿಂಗವ್ವನ ಹಣತೆಗಳನ್ನು ಕೊಟ್ಟೆ. ನಬೀಹರು ಹಿತ್ತಲಲ್ಲಿ ನಮಾಜು ಮುಗಿಸಿ ನನ್ನ ಪೂಜೆ ಮುಗಿಯುವವರೆಗೆ ದೂರ ನಿಂತು ಕಾಯುತ್ತಿದ್ದರು. ಒಂದು ದಿನ, ರೀಮ್ ಮೆಟ್ಟಿಲನ್ನು ಎರಡೆರಡು ಹಾರಿ ಏರುವವಳು, ಅವಳನ್ನು ಬೈದು ಬೈದು ಸಾಕಾಗಿದೆ, ನಿಮಗೆ ಕೇಳಿದರೆ ತಟ್ಟನೆ ಗುರುತು ಸಿಗುತ್ತದೆ ಎಂದರು. ನಿಮ್ಮ ಮನೆಯವರದು ಹೇಗಿತ್ತು ಎಂದು ಕೇಳಿದರು. ನಾನು ಹೇಳಿದೆ. ಅವರು ಬೆರಳಿನಿಂದ ಗಾಳಿಯಲ್ಲಿ ಏನೋ ಬರೆದರು.

ತ್ರಯೋದಶಿಯ ಬೆಳಿಗ್ಗೆ ಕರುಣಾಬಾಯಿಯ ತಾಳ್ಮೆ ಮುಗಿಯಿತು. ಅವರೆಕಾಯಿಯ ಬುಟ್ಟಿ ದೂಡಿ, "ನೋಡ್ರಿ ಅಯ್ಯನವರ, ಇದು ತೋಟಪ್ಪ ಕಲ್ಲವ್ವನ ಸಂಸಾರ ಆತು ನೋಡ್ರಿ!" ಎಂದಳು. ನನಗೆ ದುಃಖದಲ್ಲೂ ನಗು ಬಂತು. ಕಂಬದ ಎರಡೂ ಕಡೆಯಿಂದ, ಏನದು ಎಂದು ಕೇಳಿಸಿದರು. ನಗುವ ವಿಷಯ ಕೇಳಿಯೂ ಎಷ್ಟೋ ದಿನವಾಗಿರಬೇಕು.

ಕಂಬಳಿ ನೇಯುವ ತೋಟಪ್ಪನ ಮನೆ ಮೇಲಿನ ಓಣಿಯಲ್ಲಿದೆ. ಅವನ ಹೆಂಡತಿ ಕಲ್ಲವ್ವ ಯಾವುದೋ ಮಾತಿಗೆ ಮುನಿದು ಕೆಳಗಿನ ಓಣಿಯ ತವರುಮನೆಗೆ ಹೋದಳು. ಆಗ ಇಬ್ಬರಿಗೂ ತಲೆಗೂದಲು ಕಪ್ಪಿತ್ತು. ಆಕೆ ಬರುವ ಮನಸ್ಸು ಮಾಡಿದರೆ ಹೆಜ್ಜೆ ಕೇಳುತ್ತದೆ, ಆಗ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಇವನು ಕೂತ. ಕರೆಯಲು ಬರುವ ಮನಸ್ಸು ಅವನಿಗಿದ್ದರೆ ಹೆಜ್ಜೆ ಕೇಳುತ್ತದೆ, ಆಗ ಗಂಟು ಕಟ್ಟುತ್ತೇನೆ ಎಂದು ಆಕೆ ಕೂತಳು. ಇವತ್ತಿಗೂ ಕೂತಿದ್ದಾರೆ. ಬೇರೆ ಊರಿನವರಾಗಿದ್ದರೆ ಹೀಗಾಗುತ್ತಿರಲಿಲ್ಲ. ಹೆಜ್ಜೆ ಮೊದಲು ಕೇಳದ ಊರಿನ ಗಂಡ ಒಂದು ದಿನ ಸುಮ್ಮನೆ ಎದ್ದು ಹೋಗಿಬಿಡುತ್ತಿದ್ದ.

ಗಿಡಿಯೋನರು, ಅವರನ್ನು ನೋಡಬೇಕು ಎಂದರು. ಕಾವಲಿನವರು ಬೇಡವೆಂದರು. ನಬೀಹರೂ ನೋಡಬೇಕು ಎಂದರು. ನಾವು ಐದಾರು ಮಂದಿ ಮೇಲಿನ ಓಣಿಗೆ ಹೋದೆವು. ತೋಟಪ್ಪ ಮಗ್ಗದ ಗುಂಡಿಯಲ್ಲಿ ಕೂತಿದ್ದ. ಹೊಸ್ತಿಲಲ್ಲಿ ತಂಬಿಗೆಗಳು ಸಾಲಾಗಿದ್ದವು.

"ಶರಣ್ರಿ ಅಯ್ಯನವರ. ಮುಂಜಾನಿಂದ ಬೂಟಿನ ಸಪ್ಪಳ ಕೇಳಿ ಪೊಲೀಸರು ಬರ್ತಾರಂತ ಹೆದರಿದ್ದೆ. ಯಾರಿವರು?"

"ದೂರದಾಗಿನವರು. ನೀ ಯಾಕ ಹೆಂಡ್ತೀನ ಕರಕೊಂಡು ಬರಾಕ ಹೋಗೂದುಲ್ಲ ಅಂತ ಕೇಳಾಕ ಬಂದಾರ."

"ಅದನ್ನ ಕೇಳಾಕ ಸಮುದ್ರ ದಾಟಿ ಬಂದ್ರ? ಏನ್ ಸುದ್ದಿ ಹಬ್ಬೈತಪ್ಪಾ ನಂದು!" ತೋಟಪ್ಪ ಲಾಳಿ ಕೆಳಗಿಟ್ಟ. "ನಾ ಹ್ಯಾಂಗ್ ಹೋಗ್ಲಿರಿ? ಆಕಿ ಹೆಜ್ಜೀನ ಬಂದಿಲ್ಲ. ಬರೂ ಮನಸ ಇಲ್ಲದಾಕಿ ಮುಂದ ಹೋಗಿ ನಿಂತು ಮರ್ಯಾದಿ ಕಳಕೊಳ್ಳೂದೇನು?"

"ಆಕೆಗೂ ಇವನ ಹೆಜ್ಜೆ ಕೇಳಿಲ್ಲವಲ್ಲ?" ಎಂದು ನಬೀಹರು ಕೇಳಿಸಿದರು.

"ಕೇಳಿಲ್ಲ. ನಾ ಹೊಂಟಿಲ್ಲಲ್ಲ, ಎಲ್ಲಿಂದ ಕೇಳತೈತಿ?" ಎಂದ ತೋಟಪ್ಪ, ಅವರ ದಡ್ಡತನಕ್ಕೆ ಮರುಗಿದವನಂತೆ.

ಕರುಣಾಬಾಯಿ ಅದನ್ನು ಮೊದಲು ಒಂದು ಭಾಷೆಯಲ್ಲಿ ಹೇಳಿದಳು, ಗಿಡಿಯೋನರು ನಕ್ಕರು. ಇನ್ನೊಂದರಲ್ಲಿ ಹೇಳಿದಳು, ನಬೀಹರು ನಕ್ಕರು. ಆಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ನಗುತ್ತ ಒಬ್ಬರ ಮುಖ ಒಬ್ಬರು ನೋಡಿದರು. ನಡುವೆ ಕಂಬ ಇರಲಿಲ್ಲ. ಹಾಗೆ ನೋಡಿದ ಮೇಲೆ ನಗು ಎಲ್ಲಿ ಹೋಯಿತೋ ತಿಳಿಯದು. ತೋಟಪ್ಪನ ಬಿಳಿ ತಲೆಯನ್ನೂ, ನೇಯ್ದು ನೇಯ್ದು ಮೂಲೆಯಲ್ಲಿ ಅಟ್ಟಿ ಹಾಕಿದ್ದ ಕಂಬಳಿಗಳನ್ನೂ ನೋಡುತ್ತ ನಿಂತರು. ಎಲ್ಲವೂ ಇಬ್ಬರು ಹೊದೆಯುವ ಅಗಲದವು. ತೋಟಪ್ಪ ಇವತ್ತಿಗೂ ಹೆಂಡತಿಯನ್ನು ಕರೆಯಲು ಹೋಗಿಲ್ಲ, ಅದು ಬೇರೆ ಮಾತು.

ಛತ್ರಕ್ಕೆ ಬಂದ ಮೇಲೆ ನಬೀಹರು ತಮ್ಮ ಕುರ್ಚಿಯನ್ನು ತಾವೇ ಎಳೆದುಕೊಂಡು ಕಂಬದ ಈಚೆಗೆ ತಂದರು. ಫೋನುಗಳನ್ನು ಮೇಜಿನ ಮೇಲಿಟ್ಟರು. ಒಬ್ಬರ ಎದುರಿಗೆ ಒಬ್ಬರು ತಮ್ಮ ತಮ್ಮವರೊಡನೆ ಮಾತಾಡುವುದು, ಕರುಣಾಬಾಯಿ ಎರಡನ್ನೂ ಕೇಳಿಸಿಕೊಳ್ಳುವುದು ಎಂದಾಯಿತು. ಶತ್ರುವಿನೊಡನೆ ಮಾತಾಡುವಾಗ ಇಬ್ಬರೂ ಅಷ್ಟು ಕಷ್ಟಪಟ್ಟಿರಲಿಲ್ಲ. ತಮ್ಮವರೊಡನೆ ಮಾತಾಡುವಾಗ ಗಿಡಿಯೋನರ ಬೋಳು ತಲೆ ಬೆವರಿತು. ನಬೀಹರನ್ನು ಆಚೆ ಕಡೆಯ ದನಿ ಏನೋ ಅಂದಿತು, ಕರುಣಾಬಾಯಿ ಸೆರಗು ಬಾಯಿಗಿಟ್ಟುಕೊಂಡಳು. ಮಾರಿಕೊಂಡವನು ಎಂದರಂತೆ. ಗಿಡಿಯೋನರಿಗೂ ಅಂಥದೇ ಮಾತು ಬಂತಂತೆ, ಇನ್ನೂ ಕೊಳಕಾದ ಮಾತು. ಹೊತ್ತು ಇಳಿಯುವವರೆಗೂ ಬೈಸಿಕೊಂಡರು. ಕಡೆಗೆ ಎರಡೂ ಫೋನುಗಳು ಸುಮ್ಮನಾದವು.

"ಏನಾತು ತಂಗಿ?"

"ಬಿಡ್ರಿ ಅಂತ ಇಬ್ಬರೂ ಹೇಳ್ಯಾರ್ರಿ. ಒಬ್ಬರೂ ಒಂದ ಮಾತು ಸುಳ್ಳ ಆಡ್ಲಿಲ್ಲ. ನನ್ನ ಯೇಸುವಿನ ಆಣಿ."

ಚತುರ್ದಶಿಯ ಬೆಳಿಗ್ಗೆ ನಾನು ಪೂಜೆಗೆ ಬಿಲ್ವಪತ್ರೆ ತೊಳೆಯುತ್ತಿದ್ದೆ. ಅಂಗಳದಲ್ಲಿ ಒಂದು ಹೆಜ್ಜೆ ಕೇಳಿತು. ಒಂದು ಕಾಲು ಎಳೆದು, ಕೋಲು ಊರಿ, ನಿಂತು, ಮತ್ತೆ ಎಳೆದು. ಗಿಡಿಯೋನರು ಹಾಸಿಗೆಯಿಂದ ಎದ್ದವರು ಬರಿಗಾಲಲ್ಲೇ ಓಡಿಬಂದು ಬಾಗಿಲಲ್ಲಿ ನಿಂತರು. ಅಂಗಳದಲ್ಲಿ ಯಾರೂ ಇಲ್ಲ. ಹೆಜ್ಜೆ ಒಂದೊಂದೇ ಮೆಟ್ಟಿಲೇರಿ ಅವರ ಮುಂದೆಯೇ ನಿಂತಿತು. ಅವರು ತಮ್ಮ ಭಾಷೆಯಲ್ಲಿ ಅಣ್ಣಾ ಎಂದರು. ಅದಕ್ಕೆ ದುಭಾಷಿ ಬೇಕಾಗಲಿಲ್ಲ. ನಾನು ನೀರು ತರುವಷ್ಟರಲ್ಲಿ ಇನ್ನೊಂದು ಹೆಜ್ಜೆ ಬಂತು. ಓಡುತ್ತ ಬಂತು. ಅಂಗಳ ದಾಟಿದ್ದೇ ತಿಳಿಯಲಿಲ್ಲ, ಮೆಟ್ಟಿಲುಗಳನ್ನು ಎರಡೆರಡು ಹಾರಿ ಹೊಸ್ತಿಲಿಗೆ ಬಂದು ನಿಂತಿತು. ನಬೀಹರು ಬಾಗಿಲಿಗೆ ಬಂದರು. "ಹಾಂಗೇ ಏರಬ್ಯಾಡ, ಬೀಳ್ತೀ ಅಂತ ನೂರು ಸಲ ಹೇಳೀನಿ," ಎಂದು ಬರಿಯ ಮೆಟ್ಟಿಲುಗಳಿಗೆ ಗದರಿಸಿ, ಅತ್ತರು. ನಾನು ಎರಡು ತಂಬಿಗೆ ನೀರಿಟ್ಟೆ.

ಅಮಾವಾಸ್ಯೆಯ ದಿನ ಹೊತ್ತು ಮೂಡುವ ಮುಂಚೆ ಒಂದು ಕಾರು ಬಂತು. ಅಮ್ನೋನ್ ಇಳಿದರು. ಗಡ್ಡ ಎದೆಯವರೆಗೆ ಬೆಳೆದಿತ್ತು, ಮೈಯಲ್ಲಿ ಮಾಂಸವಿರಲಿಲ್ಲ. ಕಲ್ಲಿನ ಅಂಗಳದಲ್ಲಿ ಕೋಲೂರಿ ಸದ್ದಿಲ್ಲದೆ ನಡೆದುಬಂದರು. ಅಣ್ಣ ತಮ್ಮಂದಿರು ತಬ್ಬಿ ನಿಂತದ್ದನ್ನು ನಾನು ನೋಡಲಿಲ್ಲ, ನೋಡಬಾರದೆನಿಸಿತು. ನಬೀಹರು ಆ ಕಾರಿನ ಹಿಂದಿನ ದಾರಿಯನ್ನು ನೋಡುತ್ತಿದ್ದರು. ಇನ್ನೊಂದು ಕಾರು ಬರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಸುದ್ದಿ ಬಂತು. ರೀಮಳನ್ನು ಸೆರೆಮನೆಯಿಂದ ಬಿಟ್ಟದ್ದು ನಿಜ. ಆದರೆ ದಾರಿಯ ಒಂದು ಗೇಟಿನಲ್ಲಿ ಯಾರೋ ಅಧಿಕಾರಿ ಅವಳನ್ನು ತಡೆದು ಕೂರಿಸಿದ್ದಾನೆ. ಮೇಲಿನವರ ಅಪ್ಪಣೆ ಇನ್ನೊಮ್ಮೆ ಬೇಕಂತೆ. ಮೇಲಿನವರು ಫೋನು ಎತ್ತುತ್ತಿಲ್ಲ. ಅಮ್ನೋನ್ ಕೈಗೆ ಬಂದಾಗಿದೆಯಲ್ಲ, ಇನ್ನೇನು ಅವಸರ ಎಂಬುದು ಅದರ ಅರ್ಥ. ನಬೀಹರ ಕಡೆಯವರು ಗಂಟುಮೂಟೆ ಕಟ್ಟತೊಡಗಿದರು. ನಬೀಹರು ಹೊಸ್ತಿಲ ಪಕ್ಕದಲ್ಲಿ, ಇನ್ನೊಂದು ತಂಬಿಗೆಯ ಹತ್ತಿರ, ನೆಲದ ಮೇಲೆಯೇ ಕೂತರು.

ಹೊತ್ತು ಮೂಡಿತು. ಈಗ ಆ ನೀರನ್ನು ಬೇವಿನ ಬುಡಕ್ಕೆ ಎರೆಯಬೇಕು. ಅದು ನನ್ನ ಕೆಲಸ. ನಾನು ಹೋಗಿ ತಂಬಿಗೆಗೆ ಕೈ ಹಾಕಿದೆ. ನಬೀಹರಿಗೆ ನಮ್ಮ ಪದ್ಧತಿ ಗೊತ್ತಿತ್ತು, ನಾನೇ ಹೇಳಿದ್ದೆನಲ್ಲ. ಅವರು ತಡೆಯಲಿಲ್ಲ, ತಲೆ ತಗ್ಗಿಸಿದರು. ಇಡೀ ಜನ್ಮದಲ್ಲಿ ನಾನು ಆ ನೀರನ್ನು ಎಷ್ಟು ಮಂದಿಗಾಗಿ ಎರೆದಿಲ್ಲ! ಆದರೆ ಅವತ್ತು ತಂಬಿಗೆ ಎತ್ತಲು ಬರಲಿಲ್ಲ. ನನಗೆ ಎರೆಯಲು ನೀರೇ ಇರಲಿಲ್ಲ, ಇನ್ನೊಬ್ಬನಿಗೆ ಇರುವ ನೀರನ್ನು ನಾನು ಎರೆಯುವುದೇ? ಹಳೆಯ ನೀರನ್ನು ಅಂಗಳಕ್ಕೆ ಚೆಲ್ಲಿ, ಬಾವಿಯಿಂದ ಹೊಸ ನೀರು ಸೇದಿ ತಂದಿಟ್ಟೆ. ಪದ್ಧತಿಯಲ್ಲ. ಶಿವ ಮನ್ನಿಸಲಿ.

ಆಗ ಒಳಗಿನಿಂದ ಅಮ್ನೋನ್ ಕೋಲೂರಿಕೊಂಡು ಬಂದರು. ಏನಾಗಿದೆಯೆಂದು ಕರುಣಾಬಾಯಿಯನ್ನು ಕೇಳಿದರು. ಕೇಳಿ, ನಬೀಹರ ಪಕ್ಕದಲ್ಲಿ ಕಷ್ಟಪಟ್ಟು ಕೆಳಗೆ ಕೂತರು. ಗಿಡಿಯೋನರು ಹಿಂದೆಯೇ ಬಂದು, "ಏಳು, ಕಾರು ಕಾಯುತ್ತಿದೆ, ಅತ್ತಿಗೆ ಅಲ್ಲಿ ಕಾಯುತ್ತಿದ್ದಾಳೆ," ಎಂದರು.

"ಆಕಿಗೆ ಕಾಯೂದು ರೂಢಿ ಆಗೈತಿ. ಇನ್ನೊಂದಿನ ಕಾಯ್ತಾಳ," ಎಂದು ಕರುಣಾಬಾಯಿಯ ದನಿಯಲ್ಲಿ ಆ ಮುದುಕರು ಅಂದರು. "ನಾ ಕತ್ತಲಿ ಕೋಣ್ಯಾಗ ಕುಂತು ಎಣಿಸಿದ್ದು ಒಂದ. ಬಾಗಲಾ ತಗದ ಮ್ಯಾಲೂ ಯಾರಾದ್ರೂ ತಡದ್ರ ಹ್ಯಾಂಗ ಅಂತ. ಈಗ ಆ ಹುಡುಗಿ ಹಂಗ ಕುಂತಾಳ. ಆಕಿ ಬರೂ ತನಕ ನಾ ಇಲ್ಲಿಂದ ಏಳೂದುಲ್ಲ. ಎತ್ತಿ ಒಯ್ಯಬೇಕಂದ್ರ ಒಯ್ರಿ, ಒಮ್ಮಿ ಒಯ್ಸಿಕೊಂಡು ಅಭ್ಯಾಸ ಐತಿ."

ಗಿಡಿಯೋನರು ಅಣ್ಣನನ್ನು ಬೈದರು. ಕೈ ಮುಗಿದರು. ಆಮೇಲೆ ಸೈನ್ಯದವರು ನಿಲ್ಲುವ ಹಾಗೆ ನೆಟ್ಟಗೆ ನಿಂತು ಫೋನು ಹಚ್ಚಿದರು. ಮಾತು ಬಹಳ ಇರಲಿಲ್ಲ. ಕರುಣಾಬಾಯಿ ನನ್ನ ಕಿವಿಯಲ್ಲಿ ಹೇಳಿದಳು: "ಆಕಿ ಹೆಜ್ಜಿ ನಿನ್ನೆನ ಬಂದು ಇಲ್ಲಿ ನಿಂತೈತಿ, ನೀವು ಹಿಡದು ಕುಂದ್ರಿಸಿದ್ದು ಬರೇ ಮೈ ಅಂತಾರ. ಬಿಡೂ ತನಕ ನನ್ನ ಅಣ್ಣನೂ ನಿಮಗ ಸಿಗೂದುಲ್ಲ, ನಾನೂ ಸಿಗೂದುಲ್ಲ, ಪೇಪರಿನವರಿಗೆ ಏನ್ ಹೇಳ್ತೀರಿ ಹೇಳ್ಕೋರಿ ಅಂತಾರ." ಫೋನು ಇಟ್ಟು ಗಿಡಿಯೋನರೂ ಕೆಳಗೆ ಕೂತರು. ಅಷ್ಟು ಎತ್ತರದ ಆಳಿಗೆ ಕಾಲು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ, ಮೆಟ್ಟಿಲಿನ ಮೇಲೆ ಚಾಚಿಕೊಂಡರು. ಕಟ್ಟಿದ ಗಂಟುಗಳನ್ನು ನಬೀಹರ ಕಡೆಯವರು ಅಂಗಳದಲ್ಲಿಯೇ ಇಟ್ಟು ನಿಂತರು.

ಮೂವರು ಮುದುಕರ ಜೊತೆ ನಾನೂ ಕಟ್ಟೆಯ ಮೇಲೆ ಕೂತೆ. ಮಧ್ಯಾಹ್ನವಾಯಿತು. ಕಿವಿಗೊಡಲು ಏನೂ ಇರಲಿಲ್ಲ. ಕೇಳಬೇಕಾದ ಹೆಜ್ಜೆ ಆಗಲೇ ಕೇಳಿ ಮುಗಿದಿತ್ತು. ಇನ್ನು ಕಣ್ಣಿಗಷ್ಟೇ ಕೆಲಸ. ನಮ್ಮೂರಿನವರಿಗೆ ದಾರಿ ನೋಡಿ ಅಭ್ಯಾಸವಿಲ್ಲ. ದಾರಿ ಎಷ್ಟು ಉದ್ದವಿದೆ, ಹುಣಸೆಮರದ ಹತ್ತಿರ ಎಲ್ಲಿ ತಿರುಗುತ್ತದೆ, ಆ ತಿರುವಿನಲ್ಲಿ ಧೂಳು ಎದ್ದರೆ ಎದೆ ಹೇಗೆ ಎದ್ದು ಕೂಡುತ್ತದೆ ಎಂಬುದೆಲ್ಲ ಅವತ್ತು ಮೊದಲ ಸಲ ತಿಳಿಯಿತು. ಒಂದು ಎತ್ತಿನ ಗಾಡಿ ಬಂತು. ಒಂದು ನಾಯಿ ಬಂತು. ಹೆಜ್ಜೆ ಕೇಳದ ಬೇರೆ ಊರುಗಳ ಜನ ಹುಟ್ಟಿದಾಗಿನಿಂದ ಹೀಗೆಯೇ ಕಣ್ಣು ನೆಟ್ಟು ಕೂತು ಹೇಗೆ ತಾಳಿದ್ದಾರೋ, ಶಿವನೇ. ಬಹಳ ಹೊತ್ತು ನೋಡಿದ ಮೇಲೆ ನಾನು ಯಾರ ದಾರಿ ನೋಡುತ್ತಿದ್ದೇನೆಂಬುದು ನನಗೇ ಗೊತ್ತಾಗಲಿಲ್ಲ. ಹುಣಸೆಮರದ ತಿರುವಿನಲ್ಲಿ ಯಾರು ಕಂಡರೂ ಆಗುತ್ತಿತ್ತು. ಆ ಸಡಿಲ ಕಾಲುಂಗುರದವಳು ಕಂಡರೆ ಸಾಕೆಂದು ನನಗೆ ಗೊತ್ತಿಲ್ಲದೆಯೂ ಇರಲಿಲ್ಲ.

ಬಿಸಿಲು ಅಂಗಳ ಬಿಟ್ಟು ಗೋಡೆ ಏರಿದಾಗ ತಿರುವಿನಲ್ಲಿ ಕಾರು ಕಂಡಿತು. ನಬೀಹರು ಏಳಲು ಹೋದರು, ಕಾಲು ಜೋಮು ಹಿಡಿದಿತ್ತು. ಅಮ್ನೋನ್ ಕೋಲು ಕೊಟ್ಟರು. ಹುಡುಗಿಯೊಬ್ಬಳು ಇಳಿದಳು. ಅವಳ ಹೆಜ್ಜೆ ಬಂದ ಹಾಗೆ ಅವಳು ಬರಲಿಲ್ಲ. ಓಡಲಿಲ್ಲ, ಹಾರಲಿಲ್ಲ. ನೆಲವನ್ನು ಪರೀಕ್ಷಿಸುವವಳಂತೆ ಒಂದೊಂದೇ ಕಾಲಿಟ್ಟು, ಒಂದೊಂದೇ ಮೆಟ್ಟಿಲು ಏರಿ, ಏನೇನೂ ಸದ್ದಿಲ್ಲದೆ ಬಂದು ಹೊಸ್ತಿಲ ಮುಂದೆ ನಿಂತಳು. ಓಡಿ ಬಂದದ್ದು ಅವಳ ಮನಸ್ಸು. ಸೆರೆಮನೆ ಉಳಿಸಿದ ಮೈ ಇದು. ನಬೀಹರು ತಂಬಿಗೆ ಎತ್ತಿ ಅವಳ ಕಾಲಿಗೆ ತಾವೇ ನೀರು ಹಾಕಿದರು. ನೀರು ಗಿಡಿಯೋನರ ಬೂಟಿನ ಮೇಲೆ, ಅಮ್ನೋನರ ಬರಿಗಾಲಿನ ಮೇಲೆ ಚೆಲ್ಲಿತು. ಯಾರೂ ಕಾಲು ಸರಿಸಲಿಲ್ಲ.

ಎಲ್ಲರೂ ಒಳಗೆ ಹೋದರು. ಹೊತ್ತು ಮುಳುಗಲು ಇನ್ನೂ ಸಮಯವಿತ್ತು. ಪಡಸಾಲೆಯಲ್ಲಿ ಕುರ್ಚಿ ಎಳೆಯುವ ಸದ್ದು, ಯಾರೋ ಲೇಖನಿ ಕೇಳಿದ ಸದ್ದು ಬಂತು. ಕರುಣಾಬಾಯಿ ಬಾಗಿಲಿನಿಂದ ತಲೆ ಹಾಕಿದಳು.

"ಅಯ್ಯನವರ, ಬರ್ರಿ ಒಳಗ. ಸಹಿ ಹಾಕಾಕತ್ಯಾರ. ನೀವು ಇರಬೇಕಂತ ಇಬ್ಬರೂ ಅಂತಾರ."

"ಬಂದೆ ತಂಗಿ," ಎಂದೆ.

ಆದರೆ ಏಳಲಿಲ್ಲ. ದಾರಿಯ ಮೇಲೆ ಇನ್ನೂ ಬೆಳಕಿತ್ತು.